ರಾತ್ರಿ ಇಳಿಯದ ಬಿ.ಪಿ.: ಮಧುಮೇಹ ಇರುವವರು ತಿಳಿದಿರಬೇಕಾದದ್ದು

ಬೀದರ್, ಕಲಬುರಗಿ, ರಾಯಚೂರಿನಿಂದ ಚಿಕಿತ್ಸೆಗೆಂದು ಹೈದರಾಬಾದಿಗೆ ಬಂದವರು ಇಂಗ್ಲಿಷ್ ವರದಿ ಹಿಡಿದು ಕೇಳುವುದುಂಟು: “ಮೇಡಂ, ‘ನಾನ್-ಡಿಪ್ಪರ್’ ಅಂತ ಬರೆದಾರಲ್ಲ, ಏನಿದು?” ಲಾರಿಗಳ ಹಿಂದೆ ‘ರಾತ್ರಿ ಡಿಪ್ಪರ್ ಬಳಸಿ’ ಎಂದು ಓದಿ ಬೆಳೆದ ನಮಗೆ ಆ ಪದದಿಂದ ನೆನಪಾಗುವುದು ದೀಪವೇ. ಹೋಲಿಕೆ ತಪ್ಪೇನಲ್ಲ. ಎದುರು ವಾಹನ ಬಂದಾಗ ದೀಪ ತಗ್ಗಿಸುವಂತೆ, ನಿದ್ದೆಯಲ್ಲಿ ರಕ್ತದೊತ್ತಡವೂ ತಗ್ಗಬೇಕು.

ಎಷ್ಟು ತಗ್ಗಬೇಕು? ಹಗಲಿನ ಸರಾಸರಿಗಿಂತ ಶೇ. 10ರಿಂದ 20ರಷ್ಟು. ಹಗಲಲ್ಲಿ ಮೇಲಿನ ಅಂಕಿ 130 ಇದ್ದರೆ ನಿದ್ದೆಯಲ್ಲಿ ಅದು 104ರಿಂದ 117ರೊಳಗೆ ಬರಬೇಕು. ಶೇ. 10ಕ್ಕಿಂತ ಕಡಿಮೆ ಇಳಿದರೆ ‘ನಾನ್-ಡಿಪ್ಪರ್’. ಇಳಿಯುವ ಬದಲು ಏರಿದರೆ ‘ರಿವರ್ಸ್ ಡಿಪ್ಪರ್’.

ಟೈಪ್ 2 ಮಧುಮೇಹ ಇರುವವರಲ್ಲಿ ಈ ಇಳಿಕೆ ತಪ್ಪುವುದು ಹೆಚ್ಚು. ವರ್ಷಗಟ್ಟಲೆ ಏರಿದ ಸಕ್ಕರೆ, ಹೃದಯ ಮತ್ತು ರಕ್ತನಾಳಗಳನ್ನು ತಾನಾಗಿಯೇ ನಿಯಂತ್ರಿಸುವ ನರಗಳನ್ನು ಹಾಳುಮಾಡುತ್ತದೆ. ಕಿಡ್ನಿ ಸೋತಿದ್ದರೆ ಹಗಲಲ್ಲಿ ಹೊರಹೋಗದ ಉಪ್ಪನ್ನು ರಾತ್ರಿ ಹೊರಹಾಕಲು ಒತ್ತಡ ಏರಿಯೇ ಇರುತ್ತದೆ. ಜೋರು ಗೊರಕೆಯ ನಡುವೆ ಉಸಿರು ಕಟ್ಟುವ ಸ್ಲೀಪ್ ಅಪ್ನಿಯಾ ಇನ್ನೊಂದು ಕಾರಣ. ಇದನ್ನು ಮೊದಲು ಗಮನಿಸುವವರು ಪಕ್ಕದಲ್ಲಿ ಮಲಗುವವರು.

ಇಟಲಿಯ ಪೀಸಾದಲ್ಲಿ 349 ಮಧುಮೇಹಿಗಳನ್ನು 1999ರಿಂದ ಎರಡು ದಶಕ ಗಮನಿಸಿದಾಗ, ರಾತ್ರಿ ಬಿ.ಪಿ. ಏರುವವರಲ್ಲಿ ಸಾವಿನ ಅಪಾಯ ಇಳಿಯುವವರಿಗಿಂತ ಎರಡು ಪಟ್ಟಿಗೂ ಹೆಚ್ಚು ಕಂಡುಬಂತು. ಕ್ಲಿನಿಕ್ಕಿನಲ್ಲಿ ಬೆಳಿಗ್ಗೆ ನೋಡಿದ ಬಿ.ಪಿ. ‘ನಾರ್ಮಲ್’ ಇದ್ದರೂ ರಾತ್ರಿಯದು ಹಾಗಿರಬೇಕೆಂದಿಲ್ಲ.

ಇದನ್ನು ತಿಳಿಯಲು 24 ಗಂಟೆಯ ಬಿ.ಪಿ. ಪರೀಕ್ಷೆ (ಎಬಿಪಿಎಂ) ಇದೆ. ತೋಳಿಗೆ ಕಟ್ಟಿದ ಪಟ್ಟಿ ಹಗಲು 15–30 ನಿಮಿಷಕ್ಕೊಮ್ಮೆ, ರಾತ್ರಿ ಅರ್ಧ ಗಂಟೆ ಅಥವಾ ಒಂದು ಗಂಟೆಗೊಮ್ಮೆ ಬಿಗಿಯುತ್ತದೆ. ಆಗ ಕೈ ಅಲುಗಿಸಬೇಡಿ. ಮಲಗಿದ, ಎದ್ದ, ಮಾತ್ರೆ ನುಂಗಿದ ಹೊತ್ತನ್ನು ಬರೆದಿಡಿ. ಅದಿಲ್ಲದೆ ವರದಿ ಅರ್ಧಕ್ಕೇ ನಿಲ್ಲುತ್ತದೆ. ನಿದ್ದೆಯ ಸರಾಸರಿ 120/70 ಅಥವಾ ಹೆಚ್ಚಿದ್ದರೆ ರಾತ್ರಿಯ ಅಧಿಕ ರಕ್ತದೊತ್ತಡವೆಂದು ಪರಿಗಣಿಸುತ್ತಾರೆ.

ಇನ್ನು ವಾಟ್ಸಾಪ್ ಮಾತು. ‘ಬಿ.ಪಿ. ಮಾತ್ರೆ ರಾತ್ರಿಯೇ ತಗೊಳ್ಳಿ, ಹೃದಯಾಘಾತ ಆಗಲ್ಲ’ ಎಂಬ ಸಂದೇಶ ನಿಮಗೂ ಬಂದಿರಬಹುದು. ಬ್ರಿಟನ್ನಿನಲ್ಲಿ 21,104 ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ‘ಟೈಮ್’ ಅಧ್ಯಯನದಲ್ಲಿ, ಬೆಳಿಗ್ಗೆ ತೆಗೆದುಕೊಂಡವರಿಗೂ ಸಂಜೆ ತೆಗೆದುಕೊಂಡವರಿಗೂ ಹೃದಯಾಘಾತ, ಪಾರ್ಶ್ವವಾಯುವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ನಿಮ್ಮ ವರದಿ ನೋಡಿ ವೈದ್ಯರೇ ಹೊತ್ತು ಬದಲಿಸಿದರೆ ಅದು ಬೇರೆ. ನೀವಾಗಿಯೇ ಬದಲಿಸಬೇಡಿ. ಮೂತ್ರ ಹೆಚ್ಚಿಸುವ ಮಾತ್ರೆಯನ್ನು ರಾತ್ರಿ ನುಂಗಿದರೆ ನಿದ್ದೆಯೇ ಇರುವುದಿಲ್ಲ. ನರ ದುರ್ಬಲವಾದವರಿಗೆ ಎದ್ದು ನಿಂತ ಕೂಡಲೇ ಬಿ.ಪಿ. ಕುಸಿಯುತ್ತದೆ, ಕತ್ತಲಲ್ಲಿ ಬಚ್ಚಲಿಗೆ ಹೋಗುವಾಗ ಬಿದ್ದು ಸೊಂಟ ಮುರಿದುಕೊಳ್ಳುವ ಭಯ ಸಣ್ಣದಲ್ಲ.

ಮನೆಯಲ್ಲಿ ಮಾಡಬಹುದಾದದ್ದು ಉಪ್ಪು ಕಡಿತ. ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ ಮೀರಬಾರದು. ಆವಕಾಯಿಯ ಊರಿನಲ್ಲಿದ್ದು ಹೇಳುತ್ತಿದ್ದೇನೆ, ಕಷ್ಟ ಗೊತ್ತು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯ ಉಪ್ಪೂ ಆ ಲೆಕ್ಕದೊಳಗೇ ಬರಬೇಕು. ಗೊರಕೆ, ಎದ್ದಾಗಿನ ತಲೆಸುತ್ತು, ರಾತ್ರಿ ಪದೇಪದೇ ಮೂತ್ರ ಇದ್ದರೆ ಮುಂದಿನ ಭೇಟಿಯಲ್ಲಿ ವೈದ್ಯರು ಕೇಳದಿದ್ದರೂ ಹೇಳಿ, “ನನಗೆ 24 ಗಂಟೆಯ ಬಿ.ಪಿ. ಪರೀಕ್ಷೆ ಬೇಕೇ?” ಎಂದು ವಿಚಾರಿಸಿ.