ರಕ್ಸೌಲ್‌ನಿಂದ ಫರಕ್ಕಾವರೆಗೆ: ನೆರೆಯ ನಾಡುಗಳೊಡನೆ ಭಾರತ

ದಕ್ಷಿಣ ಏಷ್ಯಾದ ಭೂಪಟದಲ್ಲಿ ಒಂದು ವಿಶೇಷವಿದೆ. ನೇಪಾಳ, ಭೂತಾನ್, ಬಾಂಗ್ಲಾದೇಶ ಈ ಮೂರಕ್ಕೂ ಭಾರತದ ಜೊತೆ ಗಡಿಯಿದೆ. ಅವುಗಳಲ್ಲಿ ಯಾವ ಎರಡಕ್ಕೂ ಪರಸ್ಪರ ಗಡಿಯಿಲ್ಲ. ನೇಪಾಳಕ್ಕೂ ಬಾಂಗ್ಲಾದೇಶಕ್ಕೂ ನಡುವೆ ಇರುವುದು ಸಿಲಿಗುರಿಯ ಕಿರಿದಾದ ನೆಲಪಟ್ಟಿ, ಕೆಲವು ಕಡೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಅಷ್ಟೇ. ಆ ಪಟ್ಟಿ ಭಾರತದ್ದು. 2024ರ ನವೆಂಬರ್‌ನಲ್ಲಿ ನೇಪಾಳ ಬಾಂಗ್ಲಾದೇಶಕ್ಕೆ ಮೊದಲ ಸಲ 40 ಮೆಗಾವಾಟ್ ವಿದ್ಯುತ್ ಮಾರಿದಾಗ ಅದು ಹರಿದದ್ದು ಭಾರತದ ತಂತಿಗಳಲ್ಲಿ. ಮಾರುವವನು, ಕೊಳ್ಳುವವನು ಇಬ್ಬರೇ ಕೂತು ಮುಗಿಸುವ ವ್ಯವಹಾರ ಅದಾಗಿರಲಿಲ್ಲ. ಮೂರು ದೇಶಗಳ ಸಹಿ ಬೇಕಾಯಿತು.

ಈ ಭೂಗೋಳ ಭಾರತಕ್ಕೆ ಬಲವನ್ನೂ ಕೊಟ್ಟಿದೆ, ಸಂದೇಹವನ್ನೂ ತಂದಿದೆ. ದಕ್ಷಿಣ ಏಷ್ಯಾದ ಒಟ್ಟು ಉತ್ಪನ್ನದಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಭಾರತದ್ದೇ. ದೆಹಲಿಯಲ್ಲಿ ನೇಪಾಳದ ಕಡತ ನೂರಾರು ಕಡತಗಳಲ್ಲಿ ಒಂದು. ಕಠ್ಮಂಡುವಿನ ಪತ್ರಿಕೆಗಳಿಗೆ ಭಾರತದ ಸುದ್ದಿ ಮುಖಪುಟದ ಸುದ್ದಿ. ನಾವು ಮರೆತೇಬಿಟ್ಟ ಮಾತನ್ನು ಅಲ್ಲಿ ತಲೆಮಾರುಗಟ್ಟಲೆ ನೆನಪಿಟ್ಟಿರುತ್ತಾರೆ. ಸಿಕ್ಕಿಂ 1975ರಲ್ಲಿ ಭಾರತದಲ್ಲಿ ವಿಲೀನವಾದದ್ದು ನಮಗೆ ಶಾಲಾ ಪಠ್ಯದ ಒಂದು ಸಾಲು. ನೇಪಾಳದಲ್ಲಿ, ಭೂತಾನ್‌ನಲ್ಲಿ ಅದನ್ನು ಎಚ್ಚರಿಕೆಯಂತೆ ಓದಿಕೊಂಡರು. ಸಿಕ್ಕಿಂನ ಆ ಬೆಳವಣಿಗೆಗಳು ನಡೆಯುತ್ತಿದ್ದಾಗಲೇ, ಅದೇ ವರ್ಷದ ಫೆಬ್ರುವರಿಯಲ್ಲಿ, ನೇಪಾಳದ ದೊರೆ ಬೀರೇಂದ್ರ ತಮ್ಮ ಪಟ್ಟಾಭಿಷೇಕದ ಸಂದರ್ಭದಲ್ಲಿ ನೇಪಾಳವನ್ನು ‘ಶಾಂತಿ ವಲಯ’ ಎಂದು ಜಗತ್ತು ಒಪ್ಪಬೇಕೆಂದು ಕೇಳಿದರು. ನೂರಕ್ಕೂ ಹೆಚ್ಚು ದೇಶಗಳು ಒಪ್ಪಿದವು, ಭಾರತ ಒಪ್ಪಲಿಲ್ಲ.

ಹಳೆಯ ಒಪ್ಪಂದಗಳ ಹೊರೆಯೂ ಇದೆ. ಭೂತಾನ್ ಜೊತೆ 1949ರಲ್ಲಿ, ನೇಪಾಳದ ಜೊತೆ 1950ರಲ್ಲಿ ಭಾರತ ಮಾಡಿಕೊಂಡ ಒಪ್ಪಂದಗಳಲ್ಲಿ ಬ್ರಿಟಿಷರ ಕಾಲದ ಧಾಟಿ ಉಳಿದುಕೊಂಡಿತ್ತು. ವಿದೇಶಾಂಗ ವ್ಯವಹಾರದಲ್ಲಿ ಭೂತಾನ್ ಭಾರತದ ಸಲಹೆಯಂತೆ ನಡೆಯಬೇಕು ಎಂಬ ಕಲಮು 2007ರವರೆಗೂ ಇತ್ತು. ಆ ವರ್ಷ ಅದನ್ನು ಕೈಬಿಟ್ಟು, ಇಬ್ಬರೂ ಸಮಾನರಾಗಿ ಸಹಕರಿಸುವ ಮಾತು ಬರೆದುಕೊಂಡರು. ಇದರಿಂದ ಭಾರತ ಕಳೆದುಕೊಂಡದ್ದು ಏನೂ ಇಲ್ಲ. ಹತ್ತು ವರ್ಷದ ನಂತರ ಡೋಕ್ಲಾಮ್‌ನಲ್ಲಿ ಚೀನಾದ ಸೈನಿಕರು ರಸ್ತೆ ಮಾಡಲು ಬಂದಾಗ ಭೂತಾನ್ ಭಾರತದ ಕೈ ಬಿಡಲಿಲ್ಲ. ನೇಪಾಳದ 1950ರ ಒಪ್ಪಂದ ಮಾತ್ರ ಹಾಗೆಯೇ ಇದೆ. ಅದನ್ನು ಪರಿಶೀಲಿಸಲು ಎರಡೂ ದೇಶಗಳ ಗಣ್ಯರ ಗುಂಪೊಂದನ್ನು 2016ರಲ್ಲಿ ನೇಮಿಸಿದರು. ಎರಡು ವರ್ಷ ಕೂತು ಅವರು ಸಿದ್ಧಪಡಿಸಿದ ವರದಿಯನ್ನು ಸ್ವೀಕರಿಸುವುದೇ ಮುಂದೆ ಮುಂದೆ ಹೋಯಿತು. ಕೇಳಿದ ವರದಿಯನ್ನು ಕೈಗೆತ್ತಿಕೊಳ್ಳದೆ ಇಡುವುದು, ‘ಬೇಡ’ ಎನ್ನುವುದಕ್ಕಿಂತ ಹೆಚ್ಚು ನೋಯಿಸುತ್ತದೆ.

ನೇಪಾಳದ ಜೊತೆಗಿನ ಸಂಬಂಧಕ್ಕೆ ಬಿದ್ದ ದೊಡ್ಡ ಏಟು 2015ರದು. ಆ ವರ್ಷದ ಏಪ್ರಿಲ್ 25ರ ಭೂಕಂಪದಲ್ಲಿ ಸುಮಾರು ಒಂಬತ್ತು ಸಾವಿರ ಜನ ಸತ್ತರು. ಕೆಲವೇ ಗಂಟೆಗಳಲ್ಲಿ ಭಾರತದ ವಿಮಾನಗಳು ಕಠ್ಮಂಡುವಿನಲ್ಲಿ ಇಳಿದಿದ್ದವು. ಅದೇ ಸೆಪ್ಟೆಂಬರ್ 20ಕ್ಕೆ ನೇಪಾಳ ಹೊಸ ಸಂವಿಧಾನ ಘೋಷಿಸಿತು. ತರಾಯಿ ಬಯಲಿನ ಮಧೇಸಿಗಳಿಗೆ ಅದರಲ್ಲಿ ತಮಗೆ ಅನ್ಯಾಯವಾಗಿದೆ ಎನಿಸಿತು. ಭಾರತವೂ ಅಸಮಾಧಾನ ಮುಚ್ಚಿಡಲಿಲ್ಲ. ಬಿಹಾರದ ರಕ್ಸೌಲ್‌ಗೂ ನೇಪಾಳದ ಬೀರ್‌ಗಂಜ್‌ಗೂ ನಡುವಿನ ಸೇತುವೆಯ ಮೇಲೆ ಚಳವಳಿಗಾರರು ಕೂತರು. ಭಾರತದ ಕಡೆ ಲಾರಿಗಳು ಸಾಲುಗಟ್ಟಿ ನಿಂತವು. ನೇಪಾಳಕ್ಕೆ ಹೋಗುವ ಸಾಮಾನಿನ ದೊಡ್ಡ ಪಾಲು ಈ ಒಂದು ದಾರಿಯಲ್ಲೇ ಸಾಗುತ್ತದೆ. ಪೆಟ್ರೋಲ್, ಡೀಸೆಲ್, ಅಡುಗೆ ಅನಿಲ ಎಲ್ಲವೂ ಇಂಡಿಯನ್ ಆಯಿಲ್‌ನಿಂದಲೇ ಹೋಗಬೇಕು. ಕಠ್ಮಂಡುವಿನಲ್ಲಿ ಗ್ಯಾಸ್ ಸಿಲಿಂಡರನ್ನು ಅರ್ಧ ತುಂಬಿಸಿ ಹಂಚಿದರು. ಭೂಕಂಪದಲ್ಲಿ ಮನೆ ಕಳೆದುಕೊಂಡವರು ತಗಡಿನ ಶೆಡ್ಡುಗಳಲ್ಲಿ ಚಳಿಗಾಲ ಕಳೆಯುತ್ತಿದ್ದ ಹೊತ್ತದು. ಸೌದೆ ಒಲೆಗಳು ಮತ್ತೆ ಹೊತ್ತಿಕೊಂಡವು.

ಇದು ದಿಗ್ಬಂಧನವಲ್ಲ, ನೇಪಾಳದ ಒಳಗಿನ ಗಲಭೆಯಿಂದ ಲಾರಿಗಳು ನಿಂತಿವೆ ಎಂದು ದೆಹಲಿ ಹೇಳುತ್ತಲೇ ಬಂತು. ನೇಪಾಳದಲ್ಲಿ ಅದನ್ನು ನಂಬಿದವರು ಕಡಿಮೆ. 1989ರಲ್ಲೂ ವ್ಯಾಪಾರ ಮತ್ತು ಸಾಗಣೆ ಒಪ್ಪಂದಗಳ ಅವಧಿ ತೀರಿದಾಗ ಭಾರತ ಬಹುತೇಕ ಗಡಿದಾರಿಗಳನ್ನು ಮುಚ್ಚಿದ್ದನ್ನು ಅವರು ಮರೆತಿರಲಿಲ್ಲ. 2016ರ ಫೆಬ್ರುವರಿಯಲ್ಲಿ ಲಾರಿಗಳು ಹೊರಟವು. ಮಾರ್ಚ್‌ನಲ್ಲಿ ಪ್ರಧಾನಿ ಕೆ.ಪಿ. ಶರ್ಮಾ ಓಲಿ ಬೀಜಿಂಗ್‌ಗೆ ಹೋಗಿ ಚೀನಾದ ಬಂದರುಗಳನ್ನು ಬಳಸಿಕೊಳ್ಳುವ ಒಪ್ಪಂದಕ್ಕೆ ಸಹಿ ಹಾಕಿ ಬಂದರು. ಹಿಮಾಲಯ ದಾಟಿ ಸಾವಿರಾರು ಕಿಲೋಮೀಟರ್ ಆಚೆಯ ಬಂದರಿನಿಂದ ಸಾಮಾನು ತರುವುದು ಲಾಭದ ಮಾತಲ್ಲ, ಅದು ಓಲಿಗೂ ಗೊತ್ತಿತ್ತು. ಆದರೂ ಆ ಸಹಿಗೆ ನೇಪಾಳದ ಮತದಾರ ಮೆಚ್ಚುಗೆ ಸೂಚಿಸಿದ. ಭೂಕಂಪದಲ್ಲಿ ಭಾರತ ಗಳಿಸಿದ ಪ್ರೀತಿ ಐದೇ ತಿಂಗಳಲ್ಲಿ ಕರಗಿತು. ಮುಂದೆ 2019ರಲ್ಲಿ ಬಿಹಾರದ ಮೋತಿಹಾರಿಯಿಂದ ನೇಪಾಳದ ಅಮಲೇಖ್‌ಗಂಜ್‌ಗೆ 69 ಕಿಲೋಮೀಟರ್ ತೈಲ ಕೊಳವೆ ಹಾಕಿದ್ದು ಆ ಗಾಯಕ್ಕೆ ಭಾರತ ಹಚ್ಚಿದ ಒಳ್ಳೆಯ ಮದ್ದು. ಮಾರನೆಯ ವರ್ಷವೇ ಕಾಲಾಪಾನಿ, ಲಿಪುಲೇಖ್, ಲಿಂಪಿಯಾಧುರಾ ಪ್ರದೇಶಗಳನ್ನು ತನ್ನದೆಂದು ತೋರಿಸುವ ಹೊಸ ನಕ್ಷೆಯನ್ನು ನೇಪಾಳ ಸಂವಿಧಾನಕ್ಕೇ ಸೇರಿಸಿತು. ಅವಲಂಬನೆಯನ್ನು ಒಮ್ಮೆ ಹಗ್ಗದಂತೆ ಎಳೆದರೆ, ಆಮೇಲಿನ ಉಪಕಾರವನ್ನೂ ಜನ ಹಗ್ಗವೆಂದೇ ಕಾಣುತ್ತಾರೆ.

ಭೂತಾನ್‌ನಲ್ಲೂ ಚಿಕ್ಕ ಪ್ರಮಾಣದಲ್ಲಿ ಇಂಥದ್ದೇ ನಡೆಯಿತು. 2013ರಲ್ಲಿ, ಚುನಾವಣೆಗೆ ಕೆಲವೇ ದಿನ ಇರುವಾಗ, ಅಡುಗೆ ಅನಿಲ ಮತ್ತು ಸೀಮೆಎಣ್ಣೆಯ ಸಹಾಯಧನವನ್ನು ಭಾರತ ನಿಲ್ಲಿಸಿತು. ಹೊಸ ಸರ್ಕಾರ ಬಂದ ಮೇಲೆ ಮತ್ತೆ ಕೊಟ್ಟಿತು. ಚುಖಾ, ತಾಲಾ ಜಲವಿದ್ಯುತ್ ಯೋಜನೆಗಳಿಗೆ ಹಣ ಹಾಕಿ, ಉತ್ಪಾದನೆಯಾದ ವಿದ್ಯುತ್ತನ್ನು ತಾನೇ ಕೊಂಡು ದಶಕಗಳ ಕಾಲ ಕಟ್ಟಿದ ನಂಬಿಕೆಯನ್ನು ಇಂಥ ಒಂದು ತಿಂಗಳ ನಿರ್ಧಾರ ಅಲುಗಾಡಿಸಬಲ್ಲದು.

ಬಂದೂಕು ಹಿಡಿದು ಹೋದದ್ದಕ್ಕೆ ಭಾರತ ಬೆಲೆ ತೆತ್ತದ್ದು ಶ್ರೀಲಂಕಾದಲ್ಲಿ. 1987ರ ಒಪ್ಪಂದದಂತೆ ಶಾಂತಿ ಕಾಯಲು ಹೋದ ಭಾರತದ ಪಡೆ ತಮಿಳು ಹುಲಿಗಳ ಮೇಲೆಯೇ ಯುದ್ಧ ಮಾಡಬೇಕಾಯಿತು. ಸುಮಾರು 1,200 ಯೋಧರನ್ನು ಕಳೆದುಕೊಂಡು 1990ರ ಮಾರ್ಚ್‌ನಲ್ಲಿ ಮರಳಿತು. 1991ರಲ್ಲಿ ಅದೇ ಹುಲಿಗಳಿಂದ ರಾಜೀವ್ ಗಾಂಧಿಯವರ ಹತ್ಯೆ. ಅದೇ ಶ್ರೀಲಂಕಾ 2022ರಲ್ಲಿ ದಿವಾಳಿಯಾಗಿ ಜನ ಡೀಸೆಲ್‌ಗೆ, ಔಷಧಿಗೆ ಕ್ಯೂ ನಿಂತಾಗ ಭಾರತ ಸುಮಾರು 400 ಕೋಟಿ ಡಾಲರ್ ನೆರವಾಯಿತು. ಐಎಂಎಫ್ ಸಾಲ ಸಿಗಲು ಬೇಕಿದ್ದ ಭರವಸೆಯನ್ನು ಸಾಲ ಕೊಟ್ಟ ದೇಶಗಳಲ್ಲಿ ಮೊದಲು ಕೊಟ್ಟದ್ದೂ ಭಾರತವೇ. ಮೂವತ್ತೈದು ವರ್ಷದ ಹಿಂದೆ ಸೈನ್ಯದಿಂದ ಸಿಗದ ಗೌರವ ಈ ಸಲ ಎಣ್ಣೆ ಹಡಗುಗಳಿಂದ ಸಿಕ್ಕಿತು. ಮಾಲ್ದೀವ್ಸ್‌ನಲ್ಲಿ ‘ಇಂಡಿಯಾ ಔಟ್’ ಕೂಗಿನ ಬಲದಿಂದ 2023ರಲ್ಲಿ ಅಧ್ಯಕ್ಷ ಚುನಾವಣೆ ಗೆದ್ದ ಮೊಹಮದ್ ಮುಯಿಝು ಭಾರತದ ಸೇನಾ ಸಿಬ್ಬಂದಿಯನ್ನು ವಾಪಸ್ ಕಳಿಸಿದರು. ಭಾರತ ಜಗಳಕ್ಕೆ ನಿಲ್ಲದೆ 2024ರ ಮೇ 10ರ ಒಳಗೆ ಅವರ ಜಾಗಕ್ಕೆ ನಾಗರಿಕ ತಂತ್ರಜ್ಞರನ್ನು ಕಳಿಸಿ, ಆ ಸಿಬ್ಬಂದಿ ನಡೆಸುತ್ತಿದ್ದ ಹೆಲಿಕಾಪ್ಟರ್‌ಗಳನ್ನು ಹಾರುತ್ತಲೇ ಇಟ್ಟಿತು. ಅಕ್ಟೋಬರ್‌ನಲ್ಲಿ ಅದೇ ಮುಯಿಝು ದೆಹಲಿಗೆ ಬಂದು, ಬೆಂಗಳೂರನ್ನೂ ನೋಡಿಕೊಂಡು ಹೋದರು.

ಬಾಂಗ್ಲಾದೇಶದ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ದೊಡ್ಡ ದೇಶವೊಂದು ತನ್ನ ಕೈಯನ್ನು ತಾನೇ ನಿಯಮಕ್ಕೆ ಕಟ್ಟಿಕೊಂಡು ಗೆದ್ದ ಎರಡು ಉದಾಹರಣೆಗಳು ಇಲ್ಲಿವೆ.

ಒಂದು, ಛಿಟ್‌ಮಹಲ್‌ಗಳದು. ಪಶ್ಚಿಮ ಬಂಗಾಳದ ಕೂಚ್‌ಬಿಹಾರದ ಸುತ್ತ, ಬಾಂಗ್ಲಾದೇಶದೊಳಗೆ ಭಾರತದ 111 ತುಂಡು ನೆಲಗಳೂ ಭಾರತದೊಳಗೆ ಬಾಂಗ್ಲಾದೇಶದ 51 ತುಂಡುಗಳೂ ಚದುರಿಬಿದ್ದಿದ್ದವು. ರಾಜರು ಚದುರಂಗದಲ್ಲಿ ಹಳ್ಳಿಗಳನ್ನು ಪಣವಿಟ್ಟು ಆಡಿದ ಫಲ ಇದು ಎಂದು ಅಲ್ಲಿನ ಜನ ಕಥೆ ಹೇಳುತ್ತಾರೆ. ನಿಜವಾದ ಮೂಲ ಕೂಚ್‌ಬಿಹಾರದ ಅರಸರಿಗೂ ಮೊಘಲರಿಗೂ ಹದಿನೆಂಟನೆಯ ಶತಮಾನದ ಆರಂಭದಲ್ಲಿ ಆದ ಸಂಧಿಯಲ್ಲಿದೆ. ದಹಲಾ ಖಾಗ್ರಾಬಾಡಿ ಎಂಬ ಒಂದು ತುಂಡಂತೂ ಬಾಂಗ್ಲಾದೇಶದೊಳಗಿನ ಭಾರತದೊಳಗಿನ ಬಾಂಗ್ಲಾದೇಶದೊಳಗಿನ ಭಾರತ. ಇಡೀ ಜಗತ್ತಿನಲ್ಲಿ ಅಂಥದ್ದು ಅದೊಂದೇ ಇತ್ತು. ಅಲ್ಲಿ ಬದುಕಿದವರ ಪಾಡು ನೆನೆದರೆ ಸಂಕಟವಾಗುತ್ತದೆ. ಕರೆಂಟ್ ಇಲ್ಲ, ಪಡಿತರ ಚೀಟಿ ಇಲ್ಲ, ಓಟು ಇಲ್ಲ, ಕಳ್ಳತನವಾದರೆ ದೂರು ಕೊಡಲು ಠಾಣೆಯಿಲ್ಲ. ಮಗುವನ್ನು ಪಕ್ಕದ ಊರಿನ ಶಾಲೆಗೆ ಸೇರಿಸಬೇಕಾದರೆ ಯಾರದೋ ವಿಳಾಸ ಬರೆಸಬೇಕು. ಹೆರಿಗೆಗೆ ಆಸ್ಪತ್ರೆಗೆ ಹೋದ ಹೆಂಗಸರು ಗಂಡನ ಜಾಗದಲ್ಲಿ ಬೇರೆಯವನ ಹೆಸರು ಬರೆಸಿದ್ದುಂಟು.

ಇಂದಿರಾ ಗಾಂಧಿ ಮತ್ತು ಮುಜೀಬುರ್ ರೆಹಮಾನ್ 1974ರ ಮೇ 16ರಂದೇ ಈ ತುಂಡು ನೆಲಗಳನ್ನು ಅದಲುಬದಲು ಮಾಡಿಕೊಳ್ಳಲು ಒಪ್ಪಿದ್ದರು. ಬಾಂಗ್ಲಾದೇಶ ಅದೇ ವರ್ಷ ಅನುಮೋದಿಸಿತು. ಭಾರತದಲ್ಲಿ ನೆಲ ಬಿಟ್ಟುಕೊಡಲು ಸಂವಿಧಾನ ತಿದ್ದುಪಡಿ ಆಗಬೇಕು, ಬೇರೂಬಾಡಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1960ರಲ್ಲೇ ಹಾಗೆಂದಿತ್ತು. ಆ ತಿದ್ದುಪಡಿ ಆಗಲು 41 ವರ್ಷ ಹಿಡಿಯಿತು. 2015ರ ಮೇ ತಿಂಗಳಲ್ಲಿ ಸಂಸತ್ತಿನ ಎರಡೂ ಸದನಗಳು ಒಂದೂ ವಿರೋಧ ಮತವಿಲ್ಲದೆ ನೂರನೆಯ ತಿದ್ದುಪಡಿಯನ್ನು ಅಂಗೀಕರಿಸಿದವು. ಜುಲೈ 31ರ ಮಧ್ಯರಾತ್ರಿ ನೆಲ ಕೈಬದಲಾಯಿತು. ಲೆಕ್ಕ ಹಾಕಿದರೆ ಭಾರತಕ್ಕೆ ಸುಮಾರು 10,000 ಎಕರೆ ನಷ್ಟ. ಆದರೆ ಐವತ್ತು ಸಾವಿರಕ್ಕೂ ಹೆಚ್ಚು ಜನ ಒಂದು ದೇಶದ ಪ್ರಜೆಗಳಾದರು. ಆ ನಲವತ್ತೊಂದು ವರ್ಷದಲ್ಲಿ ಹುಟ್ಟಿ, ನಾಡಿಲ್ಲದೆ ಬೆಳೆದು, ನಾಡಿಲ್ಲದೆ ಸತ್ತವರ ಲೆಕ್ಕವನ್ನು ಯಾರು ಕೊಡಬೇಕು? ಒಪ್ಪಿಕೊಂಡದ್ದನ್ನು ತಡ ಮಾಡುವುದೂ ಒಂದು ಬಗೆಯ ಅನ್ಯಾಯ.

ಕಡಲ ಗಡಿಯಲ್ಲೂ ಭಾರತ ಇಂಥ ದೊಡ್ಡತನ ತೋರಿತು. ಬಂಗಾಳ ಕೊಲ್ಲಿಯ ವಿವಾದವನ್ನು ಹೇಗ್‌ನ ನ್ಯಾಯಮಂಡಳಿ 2014ರಲ್ಲಿ ತೀರ್ಮಾನಿಸಿ, ವಿವಾದದ 25,602 ಚದರ ಕಿಲೋಮೀಟರ್‌ಗಳಲ್ಲಿ 19,467ನ್ನು ಬಾಂಗ್ಲಾದೇಶಕ್ಕೆ ಕೊಟ್ಟಿತು. ಭಾರತ ತಕರಾರಿಲ್ಲದೆ ಒಪ್ಪಿತು.

ಎರಡನೆಯ ಉದಾಹರಣೆ ಗಂಗೆಯದು. ಕಾವೇರಿಯ ಸುದ್ದಿ ಓದಿ ಬೆಳೆದ ನಮಗೆ ಕ್ಯೂಸೆಕ್, ಸಂಕಷ್ಟ ಸೂತ್ರ ಇವೆಲ್ಲ ಮನೆಮಾತು. ಹಾಗಾಗಿ ಇದು ಬೇಗ ಅರ್ಥವಾಗುತ್ತದೆ. ಬಾಂಗ್ಲಾದೇಶದ ಗಡಿಗೆ ಇಪ್ಪತ್ತು ಕಿಲೋಮೀಟರ್‌ಗಿಂತಲೂ ಹತ್ತಿರದಲ್ಲಿ ಭಾರತ ಕಟ್ಟಿದ ಫರಕ್ಕಾ ಬ್ಯಾರೇಜು 1975ರಲ್ಲಿ ಕೆಲಸ ಆರಂಭಿಸಿತು. ಗಂಗೆಯ ನೀರನ್ನು ಕಾಲುವೆಯಲ್ಲಿ ಹೂಗ್ಲಿಗೆ ತಿರುಗಿಸಿ, ಕೋಲ್ಕತ್ತಾ ಬಂದರಿನ ಹೂಳು ತೊಳೆಯುವುದು ಉದ್ದೇಶ. ಬೇಸಗೆಯಲ್ಲಿ ಆ ನೀರು ತಿರುಗಿದರೆ ಕೆಳಗೆ ಗಂಗೆಯ ಮುಂದುವರಿಕೆಯಾದ ಪದ್ಮಾ ಸೊರಗುತ್ತದೆ, ಗೊರಾಯಿ ಎಂಬ ಕವಲು ಬತ್ತುತ್ತದೆ, ಖುಲ್ನಾ ಕಡೆ ಕಡಲಿನ ಉಪ್ಪು ಗದ್ದೆಗೆ ನುಗ್ಗುತ್ತದೆ. 1976ರ ಮೇ ತಿಂಗಳಲ್ಲಿ ಬಾಂಗ್ಲಾದೇಶದ ವಯೋವೃದ್ಧ ನಾಯಕ ಮೌಲಾನಾ ಭಾಸಾನಿ ಸಾವಿರಾರು ಜನರನ್ನು ಕಟ್ಟಿಕೊಂಡು ಫರಕ್ಕಾದತ್ತ ಮೆರವಣಿಗೆ ಹೊರಟರು. ಬಾಂಗ್ಲಾದೇಶ ವಿಶ್ವಸಂಸ್ಥೆಗೂ ದೂರು ಒಯ್ದಿತು. 1977ರಲ್ಲಿ ಐದು ವರ್ಷದ ಒಪ್ಪಂದವಾಯಿತು, ಅದಾದ ಮೇಲೆ ಚಿಕ್ಕಪುಟ್ಟ ತಿಳಿವಳಿಕೆ ಪತ್ರಗಳು. 1988ರ ನಂತರ ಎಂಟು ವರ್ಷ ಏನೂ ಇರಲಿಲ್ಲ.

1996ರ ಡಿಸೆಂಬರ್ 12ರಂದು ದೆಹಲಿಯಲ್ಲಿ ಮೂವತ್ತು ವರ್ಷದ ಒಪ್ಪಂದಕ್ಕೆ ಬಾಂಗ್ಲಾದೇಶದ ಪ್ರಧಾನಿ ಶೇಖ್ ಹಸೀನಾ ಜೊತೆ ಸಹಿ ಹಾಕಿದವರು ಎಚ್.ಡಿ. ದೇವೇಗೌಡರು. ನೀರಾವರಿ ಮಂತ್ರಿಯಾಗಿ, ಮುಖ್ಯಮಂತ್ರಿಯಾಗಿ ನದಿ ಜಗಳದ ಬಿಸಿ ಉಂಡಿದ್ದ ಮನುಷ್ಯ, ಸಣ್ಣಪುಟ್ಟ ಪಕ್ಷಗಳ ಸರ್ಕಾರ, ಪ್ರಧಾನಿಯಾಗಿ ಇನ್ನೂ ಆರೇಳು ತಿಂಗಳು. ಅವರ ವಿದೇಶಾಂಗ ಸಚಿವ ಐ.ಕೆ. ಗುಜ್ರಾಲ್ ಆಗ ಒಂದು ನಿಲುವು ಮುಂದಿಟ್ಟಿದ್ದರು: ನೇಪಾಳ, ಬಾಂಗ್ಲಾದೇಶ, ಭೂತಾನ್, ಮಾಲ್ದೀವ್ಸ್, ಶ್ರೀಲಂಕಾಗಳಿಗೆ ಭಾರತ ತನ್ನಿಂದಾದದ್ದನ್ನು ಕೊಡಬೇಕು, ಪ್ರತಿಯಾಗಿ ಅಷ್ಟೇ ಕೇಳಬಾರದು. ಪಾಕಿಸ್ತಾನ ಈ ಪಟ್ಟಿಯಲ್ಲಿ ಇರಲಿಲ್ಲ. ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಸಹಿಗೆ ಮೊದಲು ತಾವೇ ಢಾಕಾಕ್ಕೆ ಹೋಗಿ ಮಾತಾಡಿ ಬಂದಿದ್ದರು. ಒಪ್ಪಂದ ಉಳಿದದ್ದರಲ್ಲಿ ಅವರ ಪಾಲು ದೊಡ್ಡದು.

ಜನವರಿ 1ರಿಂದ ಮೇ 31ರವರೆಗಿನ ಕಾಲವನ್ನು ಹತ್ತು ಹತ್ತು ದಿನದ ಕಂತು ಮಾಡಿದರು. ಫರಕ್ಕಾಕ್ಕೆ 70,000 ಕ್ಯೂಸೆಕ್ ಅಥವಾ ಅದಕ್ಕೂ ಕಡಿಮೆ ನೀರು ಬಂದರೆ ಸಮಪಾಲು. 75,000ದವರೆಗೆ ಬಾಂಗ್ಲಾದೇಶಕ್ಕೆ 35,000, ಮಿಕ್ಕದ್ದು ಭಾರತಕ್ಕೆ. ಅದನ್ನೂ ಮೀರಿದರೆ ಭಾರತಕ್ಕೆ 40,000, ಮಿಕ್ಕದ್ದೆಲ್ಲ ಬಾಂಗ್ಲಾದೇಶಕ್ಕೆ. ಬಿಸಿಲು ಸುಡುವ ಮಾರ್ಚ್ 11ರಿಂದ ಮೇ 10ರವರೆಗೆ, ಒಂದು ಕಂತು ಬಿಟ್ಟು ಒಂದರಲ್ಲಿ, ಒಬ್ಬೊಬ್ಬರಿಗೆ 35,000 ಖಚಿತ. ಅಳತೆಯಲ್ಲಿ ಅನುಮಾನ ಉಳಿಯಬಾರದೆಂದು ಬಾಂಗ್ಲಾದೇಶದ ಎಂಜಿನಿಯರರು ಫರಕ್ಕಾಕ್ಕೆ ಬಂದು ಕೂರುತ್ತಾರೆ, ಭಾರತದವರು ಪದ್ಮಾ ನದಿಯ ಹಾರ್ಡಿಂಜ್ ಸೇತುವೆಗೆ ಹೋಗುತ್ತಾರೆ. ಮೊದಲ ವರ್ಷವೇ, 1997ರ ಮಾರ್ಚ್‌ನಲ್ಲಿ, ನೀರು ಲೆಕ್ಕಕ್ಕಿಂತ ತೀರ ಕಡಿಮೆ ಬಂತು. ಢಾಕಾದಲ್ಲಿ ಕೂಗೆದ್ದಿತು, ಒಪ್ಪಂದ ಮುರಿಯಲಿಲ್ಲ. 2024ರ ಆಗಸ್ಟ್ 5ರಂದು ಹಸೀನಾ ಅಧಿಕಾರ ಬಿಟ್ಟು ಭಾರತಕ್ಕೆ ಓಡಿಬಂದ ಮೇಲೆ ಎರಡೂ ಸರ್ಕಾರಗಳು ಮುಖ ತಿರುಗಿಸಿದ್ದ ದಿನಗಳಲ್ಲೂ, 2025ರ ಮಾರ್ಚ್‌ನಲ್ಲಿ, ಜಂಟಿ ಸಮಿತಿಯವರು ಫರಕ್ಕಾದಲ್ಲಿ ನೀರು ಅಳೆದದ್ದನ್ನು ನೋಡಿ ಕೋಲ್ಕತ್ತಾದಲ್ಲಿ ಸಭೆ ಸೇರಿದರು. ಢಾಕಾದಲ್ಲಿ ಒಬ್ಬ ನಾಯಕಿಯನ್ನೇ ಅತಿಯಾಗಿ ನೆಚ್ಚಿಕೊಂಡದ್ದು ಭಾರತಕ್ಕೆ ಆಗ ದುಬಾರಿಯಾಗಿತ್ತು. ನಿಯಮವನ್ನು ನೆಚ್ಚಿದ ಕಡೆ ಕೆಲಸ ನಡೆಯುತ್ತಲೇ ಇತ್ತು.

ತೀಸ್ತಾ ನದಿಯ ವಿಷಯದಲ್ಲಿ ಇಂಥ ಒಪ್ಪಂದ ಆಗಲಿಲ್ಲ. 2011ರಲ್ಲಿ ಮನಮೋಹನ್ ಸಿಂಗ್ ಢಾಕಾಕ್ಕೆ ಹೊರಡುವ ಹೊತ್ತಿಗೆ ಮುಖ್ಯಮಂತ್ರಿ ಮಮತಾ ಬ್ಯಾನರ್ಜಿ ಒಪ್ಪಲಿಲ್ಲ, ಸಿದ್ಧವಾಗಿದ್ದ ಕರಡು ಹಾಗೆಯೇ ಉಳಿಯಿತು. ಎರಡೂ ದೇಶಗಳು ಹಂಚಿಕೊಂಡಿರುವ ನದಿಗಳು 54; ಗಂಗೆ, ತೀಸ್ತಾ ಅವುಗಳಲ್ಲಿ ಎರಡು ಮಾತ್ರ.

ಗಂಗಾ ಒಪ್ಪಂದದ ಅವಧಿ 2026ರ ಡಿಸೆಂಬರ್‌ಗೆ ಮುಗಿಯುತ್ತದೆ. ಇಬ್ಬರೂ ಒಪ್ಪಿದರೆ ಮಾತ್ರ ಮುಂದುವರಿಕೆ. ಅದರ ಲೆಕ್ಕ 1949ರಿಂದ 1988ರವರೆಗಿನ ಸರಾಸರಿ ಹರಿವಿನ ಮೇಲೆ ನಿಂತಿದೆ; ಮೇಲ್ದಂಡೆಯ ಬಳಕೆ ಅಂದಿನಿಂದ ಬಹಳ ಬೆಳೆದಿದೆ. ನೀರು 50,000 ಕ್ಯೂಸೆಕ್‌ಗಿಂತ ಕೆಳಗಿಳಿದರೆ ಕೂಡಲೇ ಮಾತಾಡಬೇಕು ಎಂದಷ್ಟೇ ಒಪ್ಪಂದ ಹೇಳುತ್ತದೆ, ಎಷ್ಟು ಕೊಡಬೇಕೆಂದು ಹೇಳುವುದಿಲ್ಲ. 1977ರ ಒಪ್ಪಂದದಲ್ಲಿ ಬಾಂಗ್ಲಾದೇಶದ ಪಾಲಿನ ಶೇ. 80ರಷ್ಟಕ್ಕೆ ಖಾತರಿ ಇತ್ತು. ಆ ಖಾತರಿ ಮರಳಿ ಬರಬೇಕು. ಫರಕ್ಕಾದಿಂದ ಹೂಳು ತುಂಬಿ ನೆರೆ ಹೆಚ್ಚುತ್ತಿದೆ ಎನ್ನುವ ಬಿಹಾರವನ್ನು, ಮಾಲ್ದಾ ಮತ್ತು ಮುರ್ಷಿದಾಬಾದ್‌ನಲ್ಲಿ ದಡ ಕುಸಿದು ಮನೆಗಳನ್ನು ಕಳೆದುಕೊಳ್ಳುತ್ತಿರುವ ಪಶ್ಚಿಮ ಬಂಗಾಳವನ್ನು ಸಹಿಗೆ ಮೊದಲೇ ಮಾತುಕತೆಗೆ ಕೂರಿಸಿಕೊಳ್ಳಬೇಕು. ಅವರನ್ನು ಹೊರಗಿಟ್ಟು ದೆಹಲಿ ಎಷ್ಟು ಉದಾರ ಕರಡು ಬರೆದರೂ ಅದು ತೀಸ್ತಾದ ಕರಡಿನ ದಾರಿಯನ್ನೇ ಹಿಡಿಯುತ್ತದೆ.