ಶಿಥಿಲವಾದ ಹಲ್ಲು: ಉಳಿಸುವುದೋ, ಕೀಳುವುದೋ?

ದೇಹದ ಇತರ ಗಾಯಗಳಿಗೂ ಹಲ್ಲಿನ ಗಾಯಕ್ಕೂ ಒಂದು ಮೂಲಭೂತವಾದ ವ್ಯತ್ಯಾಸವುಂಟು. ಚರ್ಮವು ಹರಿದರೆ ಕೂಡಿಕೊಳ್ಳುತ್ತದೆ. ಮೂಳೆ ಮುರಿದರೆ ಬೆಸೆದುಕೊಳ್ಳುತ್ತದೆ. ಹಲ್ಲಿನ ಹೊರಕವಚವಾದ ಎನಾಮೆಲ್ ಮಾತ್ರ ಒಮ್ಮೆ ಒಡೆದುಹೋದರೆ ಮತ್ತೆ ಬೆಳೆಯಲಾರದು. ಏಕೆಂದರೆ ಅದನ್ನು ನಿರ್ಮಿಸಿದ ಜೀವಕೋಶಗಳು ಹಲ್ಲು ಒಸಡಿನಿಂದ ಹೊರಬರುವ ವೇಳೆಗೇ ಅಳಿದುಹೋಗಿರುತ್ತವೆ. ಆದ್ದರಿಂದ ತೀವ್ರವಾಗಿ ಕೆಟ್ಟ ಹಲ್ಲಿನ ವಿಷಯದಲ್ಲಿ ಉಳಿಯುವುದು ಎರಡೇ ದಾರಿ: ಇರುವಷ್ಟನ್ನು ದುರಸ್ತಿಮಾಡಿ ಕಾಪಾಡುವುದು, ಇಲ್ಲವೇ ಕಿತ್ತುಹಾಕುವುದು. ಈ ಆಯ್ಕೆಯನ್ನು ನೋವಿಗೆ ಬಿಟ್ಟುಕೊಡದೆ ವಿವೇಚನೆಯಿಂದ ಮಾಡಬೇಕು. ಆ ವಿವೇಚನೆಯ ಆಧಾರಗಳನ್ನು ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಹಲ್ಲಿನ ರಚನೆಯನ್ನು ಸ್ಥೂಲವಾಗಿ ನೋಡೋಣ. ಎನಾಮೆಲಿನ ತೂಕದಲ್ಲಿ ಸುಮಾರು ಶೇಕಡ ೯೬ರಷ್ಟು ಖನಿಜಾಂಶ. ಅದರ ಒಳಗಡೆ ಡೆಂಟೀನೆಂಬ ದಂತದ್ರವ್ಯ. ಅದರ ನಡುವೆ ನರಗಳೂ ರಕ್ತನಾಳಗಳೂ ತುಂಬಿದ ಮೃದುವಾದ ದಂತಮಜ್ಜೆ. ಬೇರು ದವಡೆಯ ಮೂಳೆಗೆ ಅಂಟಿಕೊಂಡಿರುವುದಿಲ್ಲ. ಸೂಕ್ಷ್ಮವಾದ ತಂತುಗಳ ಪೊರೆಯೊಂದು ಅದನ್ನು ತೂಗಿಹಿಡಿದಿರುತ್ತದೆ. ಬಾಯಿಯ ಸೂಕ್ಷ್ಮಜೀವಿಗಳು ಸಕ್ಕರೆ ಪಿಷ್ಟಗಳಿಂದ ಉತ್ಪತ್ತಿಮಾಡುವ ಆಮ್ಲವು ಹಲ್ಲಿನ ಖನಿಜವನ್ನು ಕರಗಿಸುತ್ತದೆಂಬ ವಾದವನ್ನು ಡಬ್ಲ್ಯು. ಡಿ. ಮಿಲ್ಲರ್ ೧೮೯೦ರಲ್ಲಿಯೇ ಮಂಡಿಸಿದನು. ಈ ಹುಳುಕು ಮಜ್ಜೆಯನ್ನು ಮುಟ್ಟಿದಾಗ ಮಜ್ಜೆ ಊದಿಕೊಳ್ಳುತ್ತದೆ. ಸುತ್ತಲೂ ಗಟ್ಟಿಯಾದ ಗೋಡೆಯಿರುವುದರಿಂದ ಊತಕ್ಕೆ ಎಡೆಯಿಲ್ಲದೆ ಒತ್ತಡವೇರಿ ಅಸಹನೀಯವಾದ ನೋವುಂಟಾಗುತ್ತದೆ. ಕೆಲವು ದಿನಗಳ ಮೇಲೆ ನೋವು ತಾನಾಗಿಯೇ ನಿಲ್ಲುವುದೂ ಉಂಟು. ಅದನ್ನು ಗುಣವೆಂದು ಭಾವಿಸುವುದು ತಪ್ಪು. ಅನೇಕ ವೇಳೆ ಅದರ ಅರ್ಥ ಮಜ್ಜೆ ಸತ್ತಿತೆಂದು. ಸೋಂಕು ಬೇರಿನ ತುದಿಯ ರಂಧ್ರದ ಮೂಲಕ ಮೂಳೆಗೆ ಇಳಿಯಲು ಇನ್ನು ತಡೆಯಿಲ್ಲ.

ಮಜ್ಜೆ ಸತ್ತ ಮಾತ್ರಕ್ಕೆ ಹಲ್ಲು ನಿರುಪಯುಕ್ತವೆಂದೇ? ಅಲ್ಲ. ಬೇರನ್ನು ಹಿಡಿದಿರುವ ತಂತುಪೊರೆಗೆ ಸುತ್ತಣ ಅಂಗಾಂಶಗಳಿಂದಲೇ ಪೋಷಣೆ ದೊರೆಯುತ್ತದೆ. ಆದುದರಿಂದ ಒಳಗಿನ ನಾಳವನ್ನು ಶುದ್ಧಿಮಾಡಿ ಮುಚ್ಚಿದರೆ ಹಲ್ಲು ತನ್ನ ಸ್ಥಾನದಲ್ಲಿ ನಿಂತು ಕೆಲಸಮಾಡಬಲ್ಲದು. ಬೇರುನಾಳದ ಚಿಕಿತ್ಸೆಗೆ ಇದೇ ತಳಹದಿ.

ಈ ತತ್ತ್ವವು ಸುಲಭವಾಗಿ ಮನ್ನಣೆ ಪಡೆಯಲಿಲ್ಲ. ೧೯೧೦ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಹಂಟರ್ ಮಾಂಟ್ರಿಯಲ್ ನಗರದಲ್ಲಿ ಮಾಡಿದ ಉಪನ್ಯಾಸದಲ್ಲಿ, ಅಶುದ್ಧವಾದ ಹಲ್ಲುಗಳೂ ಕಳಪೆಯಾದ ದಂತದುರಸ್ತಿಯೂ ದೇಹದ ಅನೇಕ ರೋಗಗಳಿಗೆ ಕಾರಣವೆಂದು ಆಪಾದಿಸಿದನು. ಅಲ್ಲಿಂದ ಮುಂದೆ ಕೀಲುನೋವು ಮುಂತಾದ ವ್ಯಾಧಿಗಳ ಪರಿಹಾರಕ್ಕೆಂದು ಉಳಿಸಬಹುದಾಗಿದ್ದ ಹಲ್ಲುಗಳನ್ನೂ ವಿಪುಲವಾಗಿ ಕೀಳುವ ಪದ್ಧತಿ ಹಬ್ಬಿತು. ೧೯೩೮ರಲ್ಲಿ ಸೆಸಿಲ್ ಮತ್ತು ಆಂಜೆವೈನ್ ಎಂಬ ಅಮೆರಿಕದ ವೈದ್ಯರು ೨೦೦ ಮಂದಿ ಕೀಲುವಾತ ರೋಗಿಗಳನ್ನು ಪರಿಶೀಲಿಸಿ, ಹಲ್ಲು ಕಿತ್ತದ್ದರಿಂದ ನಂಬತಕ್ಕ ಪ್ರಯೋಜನವಾಗಿಲ್ಲವೆಂದು ತೋರಿಸಿದರು. ೧೯೬೫ರಲ್ಲಿ ಕಾಕೆಹಾಶಿ ಮತ್ತು ಅವರ ಸಂಗಡಿಗರು ಇಲಿಗಳ ಹಲ್ಲನ್ನು ಕೊರೆದು ಮಜ್ಜೆಯನ್ನು ತೆರೆದಿಟ್ಟರು. ಸಾಮಾನ್ಯ ಇಲಿಗಳಲ್ಲಿ ಮಜ್ಜೆ ಕೊಳೆಯಿತು; ಸೂಕ್ಷ್ಮಜೀವಿಗಳಿಲ್ಲದ ವಾತಾವರಣದಲ್ಲಿ ಬೆಳೆದ ಇಲಿಗಳಲ್ಲಿ ಗಾಯದ ಮೇಲೆ ಹೊಸ ದಂತದ್ರವ್ಯ ಕಟ್ಟಿತು. ನಿಜವಾದ ಶತ್ರು ಸೋಂಕೇ ಹೊರತು ಹಲ್ಲಲ್ಲವೆಂಬುದು ಇದರಿಂದ ಸ್ಪಷ್ಟವಾಯಿತು.

ಹಾಗಾದರೆ ಯಾವ ಹಲ್ಲು ಉಳಿಸಲು ಯೋಗ್ಯ? ಮುಖ್ಯವಾಗಿ ನಾಲ್ಕು ಅಂಶಗಳನ್ನು ಪರೀಕ್ಷಿಸತಕ್ಕದ್ದು.

ಮೊದಲನೆಯದು, ಉಳಿದಿರುವ ಗಟ್ಟಿಭಾಗ. ಚಿಕಿತ್ಸೆಯಾದ ಹಲ್ಲಿಗೆ ತೊಡಿಸುವ ಕವಚವು ಒನಕೆಯ ತುದಿಯ ಕಬ್ಬಿಣದ ಅಣಸಿನಂತೆ ಹಲ್ಲನ್ನು ಬಿಗಿಹಿಡಿಯಬೇಕು. ಅದಕ್ಕಾಗಿ ಒಸಡಿನ ಅಂಚಿನ ಮೇಲೆ ಸುತ್ತಲೂ ಸುಮಾರು ೧.೫ರಿಂದ ೨ ಮಿಲಿಮೀಟರ್ ಎತ್ತರದ ಆರೋಗ್ಯವಾದ ದಂತದ್ರವ್ಯ ಉಳಿದಿರುವುದು ಅಪೇಕ್ಷಣೀಯ. ಎರಡನೆಯದು, ಬೇರಿನ ಸ್ಥಿತಿ. ಬೇರು ಉದ್ದಕ್ಕೂ ಸೀಳಿದ್ದರೆ ಆ ಬಿರುಕನ್ನು ಬೆಸೆಯುವ ನೆಚ್ಚತಕ್ಕ ಉಪಾಯವಿಲ್ಲ. ಒಂದೇ ಬೇರಿನ ಹಲ್ಲಾದರೆ ಕೀಳುವುದೇ ಸರಿ. ಮೂರನೆಯದು, ಆಧಾರವಾದ ಮೂಳೆ. ಒಸಡಿನ ರೋಗದಿಂದ ಮೂಳೆ ಕರಗಿ ಹಲ್ಲು ಮೇಲೆ ಕೆಳಗೂ ಅಲುಗಾಡುತ್ತಿದ್ದರೆ, ನಾಳವನ್ನು ಎಷ್ಟು ಚೆನ್ನಾಗಿ ಮುಚ್ಚಿದರೂ ಫಲವಿಲ್ಲ. ನಾಲ್ಕನೆಯದು, ರೋಗಿಯ ದೇಹಸ್ಥಿತಿ. ದವಡೆಗೆ ವಿಕಿರಣ ಚಿಕಿತ್ಸೆ ಪಡೆದವರಲ್ಲಿ ಹಲ್ಲು ಕಿತ್ತ ಗಾಯ ಮಾಯದೆ ಮೂಳೆಯೇ ಸಾಯುವ ಅಪಾಯವುಂಟು. ಅಂಥವರಲ್ಲಿ ಬರಿಯ ಬೇರನ್ನಾದರೂ ಚಿಕಿತ್ಸೆಮಾಡಿ ಉಳಿಸಿಕೊಳ್ಳುವುದು ಲೇಸು. ಇದಕ್ಕೆ ವಿಪರ್ಯಾಯವಾಗಿ, ಆಸೆಯಿಲ್ಲದ ಹಲ್ಲನ್ನು ವಿಕಿರಣಕ್ಕೆ ಮೊದಲೇ ಕಿತ್ತು ಗಾಯ ಮಾಯಲು ಕಾಲಾವಕಾಶ ಕೊಡುತ್ತಾರೆ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಆರನೆಯ ವಯಸ್ಸಿನ ಸುಮಾರಿಗೆ ಹುಟ್ಟುವ ಮೊದಲ ಶಾಶ್ವತ ದವಡೆಹಲ್ಲನ್ನು ತಾಯಿತಂದೆಗಳು ಹಾಲುಹಲ್ಲೆಂದೇ ಬಗೆದು ಅಲಕ್ಷಿಸುವುದುಂಟು. ಹದಿನಾರು ವರ್ಷದ ವಿದ್ಯಾರ್ಥಿಯೊಬ್ಬನಲ್ಲಿ ಈ ಹಲ್ಲು ಮಜ್ಜೆಯವರೆಗೆ ಹುಳುಕಾಗಿದೆ, ಆದರೆ ಗೋಡೆಗಳೂ ಬೇರುಗಳೂ ಗಟ್ಟಿಯಾಗಿವೆಯೆನ್ನಿ. ಕಿತ್ತರೆ ಹಿಂದಿನ ಹಲ್ಲು ಆ ತೆರವಿನ ಕಡೆಗೆ ವಾಲುತ್ತದೆ. ಎದುರಿನ ಹಲ್ಲು ನೀಳವಾಗಿ ಇಳಿಯುತ್ತದೆ. ದವಡೆಹಲ್ಲು ಕಿತ್ತ ಸ್ಥಳದಲ್ಲಿ ಮೂಳೆಯ ಅಗಲವು ಒಂದು ವರ್ಷದಲ್ಲಿ ಸುಮಾರು ಅರ್ಧಕ್ಕೆ ಕುಗ್ಗುವುದೆಂದು ೨೦೦೩ರ ಅಧ್ಯಯನವೊಂದು ತಿಳಿಸಿದೆ. ಬ್ರೋನೆಮಾರ್ಕ್ ೧೯೬೫ರಲ್ಲಿ ಮೊದಲ ರೋಗಿಗೆ ಅಳವಡಿಸಿದ ಟೈಟಾನಿಯಂ ಬೇರು ಇಂದು ಉತ್ತಮವಾದ ಬದಲಿಯೇನೋ ಸರಿ. ಆದರೆ ದವಡೆಯ ಬೆಳವಣಿಗೆ ಮುಗಿಯುವವರೆಗೆ ಅದನ್ನು ಕೂರಿಸುವುದು ಯುಕ್ತವಲ್ಲ. ಈ ಹುಡುಗನ ಹಲ್ಲನ್ನು ಉಳಿಸತಕ್ಕದ್ದೆಂಬುದರಲ್ಲಿ ಸಂದೇಹವಿಲ್ಲ. ಅದೇ ಹಲ್ಲು ಅರುವತ್ತರ ವೃದ್ಧರಲ್ಲಿ ಒಸಡಿನ ಕೆಳಗಿನವರೆಗೆ ಮುರಿದು, ಸುತ್ತಣ ಮೂಳೆಯನ್ನೂ ಕಳೆದುಕೊಂಡಿದ್ದರೆ, ಅದಕ್ಕೆ ಹಣವನ್ನೂ ಕಾಲವನ್ನೂ ವ್ಯಯಮಾಡುವುದು ದಯೆಯೆನಿಸದು.

ವೆಚ್ಚದ ಪ್ರಶ್ನೆಯನ್ನು ಮರೆಯುವಂತಿಲ್ಲ. ನಮ್ಮಲ್ಲಿ ನಾಳದ ಚಿಕಿತ್ಸೆಗೂ ಕವಚಕ್ಕೂ ತಗಲುವ ಹಣ ಹಲ್ಲು ಕೀಳುವ ಖರ್ಚಿನ ಹಲವು ಪಟ್ಟು. ಇದರಿಂದಾಗಿ ಎಷ್ಟೋ ಮಂದಿ ನೋವು ಶಮನವಾದೊಡನೆ ಕವಚವನ್ನು ಕೈಬಿಡುತ್ತಾರೆ. ೨೦೦೪ರಲ್ಲಿ ಪ್ರಕಟವಾದ ಅಮೆರಿಕದ ಪರಿಶೀಲನೆಯೊಂದರಲ್ಲಿ ಚಿಕಿತ್ಸೆ ಪಡೆದ ೧೪ ಲಕ್ಷಕ್ಕೂ ಮಿಕ್ಕ ಹಲ್ಲುಗಳ ಪೈಕಿ ಶೇಕಡ ೯೭ರಷ್ಟು ಎಂಟು ವರ್ಷಗಳ ಅನಂತರವೂ ಉಳಿದಿದ್ದುವು. ಕೀಳಬೇಕಾಗಿ ಬಂದವುಗಳಲ್ಲಿ ಶೇಕಡ ೮೫ಕ್ಕೆ ಪೂರ್ಣ ಕವಚವಿರಲಿಲ್ಲ. ಅರ್ಧಕ್ಕೆ ನಿಲ್ಲಿಸಿದ ಚಿಕಿತ್ಸೆ ಉಳಿತಾಯವಲ್ಲ. ಎರಡು ಸಲ ತೆರುವ ದಂಡ.

ಸಾರಾಂಶವಿಷ್ಟು: ಉಳಿಸಿದ ಹಲ್ಲನ್ನು ಮುಂದೊಂದು ದಿನ ಕೀಳಬಹುದು, ಕಿತ್ತೆಸೆದ ಹಲ್ಲನ್ನು ಮರಳಿ ಪಡೆಯಲಾಗದು. ಆದ್ದರಿಂದ ಸಂದೇಹವಿದ್ದಲ್ಲಿ ಉಳಿಸುವ ಪಕ್ಷಕ್ಕೆ ವಾಲುವುದು ನ್ಯಾಯ. ಆದರೆ ಆಧಾರವೇ ಕುಸಿದ ಹಲ್ಲನ್ನು ಮೋಹದಿಂದ ಹಿಡಿದುಕೊಳ್ಳುವುದೂ ನೋವಿನ ಆತುರದಲ್ಲಿ ಗಟ್ಟಿ ಹಲ್ಲನ್ನು ಕೀಳಿಸುವುದೂ ಸಮಾನವಾದ ತಪ್ಪುಗಳು. ನೋವು ಕಂಡ ದಿನವೇ ಪರೀಕ್ಷೆಗೆ ಹೋಗುವವರಿಗೆ ಈ ಕಠಿಣವಾದ ಆಯ್ಕೆ ಬಹುಮಟ್ಟಿಗೆ ಒದಗುವುದೇ ಇಲ್ಲ.