ಬಸ್ಸು ಹತ್ತಿದ ಪಹಣಿ

ವಾಡಿ ಜಂಕ್ಷನ್ನಿನಲ್ಲಿ ಗಾಡಿಗಾಗಿ ಕಾದು ಕೂರದವರು ನಮ್ಮ ಕಡೆ ಕಡಿಮೆ. 1874ರಲ್ಲಿ ನಿಜಾಮರ ರೈಲು ಸಿಕಂದರಾಬಾದಿನಿಂದ ಸೇಡಂ, ಚಿತ್ತಾಪುರದ ಹಾದಿಯಲ್ಲಿ ಬಂದು ಇಲ್ಲಿ ಮುಂಬೈ–ಮದ್ರಾಸ್ ಹಳಿಗೆ ಕೂಡಿಕೊಂಡಿತು. ಶಹಾಬಾದಿನಿಂದ ಸೇಡಂಗೆ ರೈಲಿನಲ್ಲಿ ಹೋಗುತ್ತಿದ್ದ ಟಪಾಲು ವಾಡಿಯಲ್ಲಿ ಇಳಿದು ಮುಂದಿನ ಗಾಡಿ ಹಿಡಿಯಬೇಕಿತ್ತು. ರೈಲೇ ಇಲ್ಲದ ಚಿಂಚೋಳಿಗೆ ಬಸ್ಸೇ ಗತಿ. ಇದನ್ನು ಯಾರೂ ‘ನೆಟ್‌ವರ್ಕ್ ಇಲ್ಲ’ ಅನ್ನಲಿಲ್ಲ.

ಈ ಕಾಯುವ ಬುದ್ಧಿಯನ್ನು ಕಂಪ್ಯೂಟರಿಗೆ ಕಲಿಸಿ ನೋಡಿದ್ದು ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ. ರಾಜ್ಯ ಸರ್ಕಾರದ ‘ಭೂಮಿ’ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು, ಅಂದರೆ ಜಮೀನಿನ ದಾಖಲೆಗಳನ್ನು, ಕಂಪ್ಯೂಟರಿಗೆ ಏರಿಸಿತ್ತು. ಪ್ರತಿ ಬೇಕೆಂದರೆ ರೈತ ಮಾತ್ರ ತಾಲ್ಲೂಕು ಕಚೇರಿಗೇ ಬರಬೇಕಿತ್ತು. ಎಂಐಟಿ ಮೀಡಿಯಾ ಲ್ಯಾಬಿನ ನಂಟಿದ್ದ ಅಲೆಕ್ಸ್ ಪೆಂಟ್‌ಲ್ಯಾಂಡ್, ರಿಚರ್ಡ್ ಫ್ಲೆಚರ್, ಅಮೀರ್ ಹ್ಯಾಸನ್ ಹಳ್ಳಿಗೆ ತಂತಿ ಎಳೆಯುವ ಗೋಜಿಗೆ ಹೋಗದೆ, ಸರ್ಕಾರಿ ಬಸ್ಸಿಗೇ ಒಂದು ವೈಫೈ ಪೆಟ್ಟಿಗೆ ಕೂರಿಸಿದರು. ಹೆಸರು ‘ಡಾಕ್‌ನೆಟ್’, ಡಾಕ್ ಅಂದರೆ ಟಪಾಲು. ಬಸ್ಸು ಊರ ಹತ್ತಿರ ಬಂದೊಡನೆ ಅಲ್ಲಿನ ಕಂಪ್ಯೂಟರು ಅರ್ಜಿಗಳನ್ನು ಅದಕ್ಕೆ ದಾಟಿಸುತ್ತಿತ್ತು. ಬಸ್ಸು ತಾಲ್ಲೂಕು ಕೇಂದ್ರ ಮುಟ್ಟಿದಾಗ ಅವು ಸರ್ವರಿಗೆ ಇಳಿಯುತ್ತಿದ್ದವು. ಉತ್ತರ ಮತ್ತೊಂದು ಟ್ರಿಪ್ಪಿಗೆ. 2004ರ ಜನವರಿಯಲ್ಲಿ ಅವರು ಪ್ರಕಟಿಸಿದ ಲೆಕ್ಕದಂತೆ ಒಂದು ಭೇಟಿ ಸರಾಸರಿ 2 ನಿಮಿಷ 34 ಸೆಕೆಂಡು. ಅಷ್ಟರಲ್ಲಿ ಒಂದು ದಿಕ್ಕಿಗೆ 20.9 ಮೆಗಾಬೈಟ್ ದಾಟುತ್ತಿತ್ತು. ಬಸ್ಸಿನ ಮೇಲಿನ ಸಲಕರಣೆಗೆ ಬಿದ್ದ ಖರ್ಚು 580 ಡಾಲರ್.

ಪಹಣಿಗೆ ಇಷ್ಟು ಜಾಗ ಧಾರಾಳವಾಯಿತು. ಪರೀಕ್ಷೆ ಆಗಬೇಕಾದದ್ದು ವೇಗದ್ದಲ್ಲ, ನಡುವೆ ಕಳೆಯುವ ಹೊತ್ತಿನದು. ಉತ್ತರ ಬರಲಿಲ್ಲವೆಂದು ಎರಡನೇ ಸಲ ಗುಂಡಿ ಒತ್ತಿದರೆ ಎರಡು ಅರ್ಜಿ, ಎರಡು ಶುಲ್ಕವೇ? ಅರ್ಧ ಕಡತ ಹತ್ತಿಸಿಕೊಂಡು ಬಸ್ಸು ಹೊರಟುಬಿಟ್ಟರೆ ಉಳಿದರ್ಧದ ಗತಿ ಏನು? ಸೋಮವಾರ ಹೊರಟ ಪಹಣಿ ಹಳ್ಳಿ ಸೇರುವ ಮುನ್ನ ಮಂಗಳವಾರ ಹೊಲದ ಹಕ್ಕು ಬದಲಾಗಿ ಮ್ಯುಟೇಶನ್ ಆಗಿಬಿಟ್ಟರೆ, ರೈತನ ಕೈಯಲ್ಲಿರುವುದು ಯಾರ ಹೊಲ? ನನ್ನ ಮಟ್ಟಿಗೆ ಅತಿ ಕಠಿಣ ಪ್ರಶ್ನೆ ಇದೇ.

ಇಂಥ ಪ್ರಶ್ನೆಗಳನ್ನು ಬಿಟ್ಟು ಮೊಬೈಲಿನ ಏರೋಪ್ಲೇನ್ ಮೋಡ್ ಒತ್ತಿ ‘ಆ್ಯಪ್ ಪರೀಕ್ಷೆ ಆಯಿತು’ ಎನ್ನುವವರು ಒಮ್ಮೆ ಚಿಂಚೋಳಿಯ ಕೊಂಚಾವರಂ ಕಾಡಿನ ಕಡೆ ಹೋಗಿಬರಲಿ. ಪೂರ್ತಿ ಹೋದ ಸಿಗ್ನಲ್ಲು ವಾಸಿ. ಎರಡು ಕಡ್ಡಿ ತೋರಿಸುತ್ತಲೇ ಏನನ್ನೂ ದಾಟಿಸದ ಸಿಗ್ನಲ್ಲು ಆ್ಯಪನ್ನೇ ಮೋಸಗೊಳಿಸುತ್ತದೆ.

ಹೀಗೆ ಕಾದು ದಾಟಿಸುವ ಜಾಲಗಳನ್ನು ಊರೂರು ಸುತ್ತಿ ಪರೀಕ್ಷಿಸುವುದು ಕಷ್ಟವೆಂದು ಸಿಮ್ಯುಲೇಟರುಗಳು ಬಂದವು. ಅವುಗಳಲ್ಲಿ ಹೆಸರಾದದ್ದು ಫಿನ್ಲೆಂಡಿನ ‘ಒನ್’. ಹೆಲ್ಸಿಂಕಿಯ ನಕ್ಷೆಯ ಮೇಲೆ ಜನ, ಕಾರು, ಟ್ರಾಮುಗಳನ್ನು ಓಡಿಸಿ, ಯಾರ ಸಂದೇಶ ಎಷ್ಟು ಹೊತ್ತಿಗೆ ಮುಟ್ಟಿತೆಂದು ಅದು ಲೆಕ್ಕ ಹಾಕುತ್ತದೆ. ಅದಕ್ಕೆ ಸೇಡಂ–ಚಿಂಚೋಳಿ ರಸ್ತೆಯ ನಕ್ಷೆಯನ್ನೂ ಉಣಿಸಬಹುದು. ಸಂತೆಯ ದಿನ ಬುಟ್ಟಿ ಇಳಿಸುವತನಕ ನಿಲ್ಲುವ ಬಸ್ಸನ್ನು ಅದರಲ್ಲಿ ಹೇಗೆ ಬರೆಯುತ್ತಾರೋ ನೋಡಬೇಕು.